ಕಸೂತಿಯ ನಿಸರ್ಗ ಚಿತ್ತಾರಗಳು

ಕಸೂತಿಯು ಉತ್ತರ ಕರ್ನಾಟಕದ ಸಾಂಪ್ರದಾಯಿಕ ಸೂಜಿ ಕಲೆಯಾಗಿದ್ದು, ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯುವ ಪದ್ಧತಿಗೆ ಸೇರಿದೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಭಾಗಗಳು ಇದರ ನೆಲೆಗಳು. ಸೀರೆ, ಕುಪ್ಪಸ, ಮಕ್ಕಳ ಕುಂಚಿ ಮತ್ತು ಕುಲಾವಿಗಳ ಮೇಲೆ ನವಿಲು, ಗಿಳಿ, ಹಂಸ, ಆನೆ, ಕಮಲ, ತುಳಸಿ, ನಕ್ಷತ್ರ ಮೊದಲಾದ ನಿಸರ್ಗದ ರೂಪಗಳನ್ನೂ ಗೋಪುರ, ತೇರು, ಪಲ್ಲಕ್ಕಿಯಂತಹ ದೇವಾಲಯ ಸಂಬಂಧಿ ರೂಪಗಳನ್ನೂ ಬಣ್ಣದ ನೂಲಿನಿಂದ ಮೂಡಿಸಲಾಗುತ್ತದೆ. ಪ್ರಸ್ತುತ ಲೇಖನವು ಮುಖ್ಯವಾಗಿ ನಿಸರ್ಗದ ರೂಪಗಳನ್ನು, ಅವು ಚೌಕಳಿಯ ಲೆಕ್ಕಕ್ಕೆ ಒಗ್ಗಿದ ಬಗೆಯನ್ನು ಮತ್ತು ಉಣ್ಣೆಯ ಬಣ್ಣದ ಹೆಣಿಗೆಗೆ ಅವುಗಳನ್ನು ಅಳವಡಿಸುವ ಕ್ರಮವನ್ನು ಕುರಿತದ್ದಾಗಿದೆ.

ಇಂದಿನ ಕನ್ನಡದಲ್ಲಿ ‘ಕಸೂತಿ’ ಎಂಬ ಪದವನ್ನು ಬಟ್ಟೆಯ ಮೇಲಿನ ಯಾವುದೇ ಅಲಂಕಾರದ ಹೊಲಿಗೆಗೂ ಬಳಸುವುದು ರೂಢಿಯಾಗಿದೆ. ಇಲ್ಲಿ ಅದನ್ನು ಎಳೆ ಎಣಿಸುವ ಉತ್ತರ ಕರ್ನಾಟಕದ ಪದ್ಧತಿ ಎಂಬ ಸೀಮಿತ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ಹೆಸರು ಮತ್ತು ಹಿನ್ನೆಲೆ

ಕೈ ಮತ್ತು ನೂಲನ್ನು ಸೂಚಿಸುವ ಸೂತಿ ಎಂಬ ಪದಗಳು ಕೂಡಿ ‘ಕಸೂತಿ’ ಆಯಿತೆಂಬುದು ಸಾಮಾನ್ಯವಾಗಿ ಕೊಡಲಾಗುವ ವಿವರಣೆ. ಕಲೆಯ ಮೂಲವನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವ ಹೇಳಿಕೆ ಅನೇಕ ಬರಹಗಳಲ್ಲಿ ಕಂಡುಬರುತ್ತದೆ. ಹತ್ತಿ ಮತ್ತು ರೇಷ್ಮೆಯ ಬಟ್ಟೆ ನಮ್ಮ ಹವೆಯಲ್ಲಿ ಶತಮಾನಗಳ ಕಾಲ ಉಳಿಯುವುದು ವಿರಳವಾದ್ದರಿಂದ ಈ ಹೇಳಿಕೆಯನ್ನು ಬಟ್ಟೆಯ ಸಾಕ್ಷ್ಯಕ್ಕಿಂತ ಹೆಚ್ಚಾಗಿ ಶಿಲ್ಪದ ಹೋಲಿಕೆಯ ಮೇಲೆ ಕಟ್ಟಲಾಗಿದೆ ಎಂಬುದನ್ನು ಓದುಗರು ಗಮನಿಸಬೇಕು. ಹೋಲಿಕೆಯಂತೂ ಇದ್ದೇ ಇದೆ. ಐಹೊಳೆ, ಪಟ್ಟದಕಲ್ಲುಗಳ ದೇವಾಲಯಗಳ ಅಂತಸ್ತು ಅಂತಸ್ತಾದ ಶಿಖರ, ಬಳ್ಳಿಯ ಪಟ್ಟಿಕೆ, ಹಂಸಗಳ ಸಾಲು ಇವುಗಳಿಗೂ ಕಸೂತಿಯ ಗೋಪುರ ಮತ್ತು ಅಂಚುಗಳಿಗೂ ಸಾಮ್ಯವಿದೆ. ಆದರೆ ಮೆಟ್ಟಿಲಾಕಾರವು ಎಳೆ ಎಣಿಸುವ ಎಲ್ಲ ಕಲೆಗಳಿಗೂ ಸಹಜವಾಗಿ ಒದಗುವ ಆಕಾರವಾಗಿರುವುದರಿಂದ ಇಷ್ಟರಿಂದಲೇ ಕಾಲನಿರ್ಣಯ ಮಾಡುವುದು ಸರಿಯಾಗದು.

ಕಲೆಯು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಮನೆಯೊಳಗೇ ಹರಿದುಬಂದಿದೆ. ಚಿತ್ತಾರದ ಪುಸ್ತಕಗಳು ಅಚ್ಚಾಗುವುದಕ್ಕೆ ಮೊದಲು ಹಳೆಯ ಸೀರೆಯೇ ಪಠ್ಯವಾಗಿತ್ತು. ಸೀರೆ ಸವೆದರೂ ಚಿತ್ತಾರವಿರುವ ಭಾಗವನ್ನು ಕತ್ತರಿಸಿ ಮಾದರಿಯಾಗಿ ಇಟ್ಟುಕೊಂಡರೆ ಅದರ ಎಳೆಗಳನ್ನು ಎಣಿಸಿ ಹೊಸ ಬಟ್ಟೆಗೆ ಇಳಿಸಬಹುದು.

ಹೊಲಿಗೆಯ ವಿಧಾನ

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳುವುದಿಲ್ಲ. ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಚುಚ್ಚಲಾಗುತ್ತದೆ. ಆದ್ದರಿಂದ ಪ್ರತಿ ಚಿತ್ತಾರವೂ ಅದೃಶ್ಯವಾದ ಒಂದು ಚೌಕಳಿಯ ಮೇಲೆ ಕುಳಿತಿರುತ್ತದೆ. ನಾಲ್ಕು ಬಗೆಯ ಹೊಲಿಗೆಗಳು ಬಳಕೆಯಲ್ಲಿವೆ.

ಗಾವಂತಿ ಇವುಗಳಲ್ಲಿ ಪ್ರಧಾನವಾದುದು. ಗಂಟು ಎಂಬ ಪದದಿಂದ ಈ ಹೆಸರು ಬಂದಿತೆಂದು ಹೇಳಲಾಗುತ್ತದೆಯಾದರೂ ಕಸೂತಿಯ ಕಟ್ಟುನಿಟ್ಟೆಂದರೆ ನೂಲಿಗೆ ಗಂಟು ಹಾಕಬಾರದು ಎಂಬುದೇ ಆಗಿದೆ. ಮೊದಲ ಸುತ್ತಿನಲ್ಲಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂಬಂತೆ ಸಾದಾ ಎಳೆದುಕೊಂಡು ಹೋಗಿ, ಹಿಂದಿರುಗುವಾಗ ಬಿಟ್ಟುಹೋದ ಜಾಗಗಳನ್ನು ತುಂಬಲಾಗುತ್ತದೆ. ಪರಿಣಾಮವಾಗಿ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಯುರೋಪಿನಲ್ಲಿ ಇದೇ ಹೊಲಿಗೆಯನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿನ ಉಡುಪಿನ ಅಂಚುಗಳಿಂದ ಆ ಹೆಸರು ಬಂದಿದೆ.

ಮುರ್ಗಿಯು ಗಾವಂತಿಯಂತೆಯೇ ಹೋಗಿಬರುವ ಹೊಲಿಗೆಯಾದರೂ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇದು ಕೂಡ ಎರಡೂ ಬದಿಯಲ್ಲಿ ಸಮಾನವಾಗಿ ಕಾಣುತ್ತದೆ. ನೇಗಿಯು ನೇಯ್ಗೆಯ ಭ್ರಮೆ ಹುಟ್ಟಿಸುವ ಉದ್ದುದ್ದ ಎಳೆಗಳ ಹೊಲಿಗೆ. ಮೆಂತಿಯು ಮೆಂತ್ಯದ ಕಾಳನ್ನು ನೆನಪಿಸುವ ಗುಣಾಕಾರದ ಚಿಹ್ನೆಯ ಹೊಲಿಗೆ, ಹೆಚ್ಚು ನೂಲು ಬೇಡುವಂಥದ್ದು ಮತ್ತು ಬಟ್ಟೆಗೆ ಭಾರ ಕೊಡುವಂಥದ್ದು. ನೇಗಿ ಮತ್ತು ಮೆಂತಿಗಳಲ್ಲಿ ಹಿಂಬದಿಯು ಮುಂಬದಿಗಿಂತ ಭಿನ್ನವಾಗಿರುತ್ತದೆ.

ಗಾವಂತಿಯಲ್ಲಿ ಕೈಗಿಂತ ಬುದ್ಧಿಗೆ ಕೆಲಸ ಹೆಚ್ಚು. ಹೊರಟ ಬಿಂದುವಿಗೆ ಸೂಜಿ ಮರಳಿ ಬರುವಷ್ಟರಲ್ಲಿ ಪ್ರತಿ ಗೆರೆಯೂ ಎರಡು ಸಲ, ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ, ತುಂಬಿರಬೇಕು. ಚಿತ್ತಾರದ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಇದು ಯಾವಾಗಲೂ ಸಾಧ್ಯ. ಕಾರಣವನ್ನು ಹೀಗೆ ವಿವರಿಸಬಹುದು: ಮುಖ್ಯ ದಾರಿಯಿಂದ ಒಂದು ಕವಲಿಗೆ ಹೊರಳಿ ಮರಳಿ ಬಂದರೆ ಹಾಕಿದ ಹೊಲಿಗೆಗಳ ಒಟ್ಟು ಸಂಖ್ಯೆ ಸಮಸಂಖ್ಯೆಯಾಗಿರುತ್ತದೆ. ಆದುದರಿಂದ ಮೇಲೆ, ಕೆಳಗೆ ಎಂಬ ಸರದಿ ಕೆಡುವುದಿಲ್ಲ, ಹೋಗುವಾಗ ಮೇಲೆ ಬಿದ್ದ ಗೆರೆ ಬರುವಾಗ ಕೆಳಗೆ ಬೀಳುತ್ತದೆ. ನವಿಲಿನ ಗರಿ, ಬಳ್ಳಿಯ ಕುಡಿ, ಆನೆಯ ಬಾಲ ಇಂತಹ ಕವಲುಗಳನ್ನು ಅನುಭವಿಗಳು ಹೋಗುವ ದಾರಿಯಲ್ಲೇ ಮುಗಿಸಿಕೊಳ್ಳುತ್ತಾರೆ. ಮರೆತು ಮುಂದೆ ಸಾಗಿದರೆ ಹಿಂದಿರುಗುವಾಗ ಸೇರಿಸಬಹುದು. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಮಾತ್ರ ಬಿಚ್ಚುವುದೊಂದೇ ದಾರಿ, ಏಕೆಂದರೆ ಮುಂದಿನ ಸಾಲು ಹಿಂದಿನ ಸಾಲಿಗೆ ಕೂಡುವುದೇ ಇಲ್ಲ.

ರೇಷ್ಮೆಯಂತಹ ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಎಳೆಗಳು ಕಣ್ಣಿಗೆ ನಿಲುಕುವುದಿಲ್ಲ. ಅಂತಹ ಬಟ್ಟೆಯ ಮೇಲೆ ಜಾಳಾದ ಬಟ್ಟೆಯನ್ನು ತಾತ್ಕಾಲಿಕವಾಗಿ ಹೊಲಿದು, ಅದರ ಕಣ್ಣುಗಳನ್ನು ಎಣಿಸುತ್ತ ಚಿತ್ತಾರ ಮುಗಿಸಿ, ಬಳಿಕ ಜಾಳು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಕ್ರಮ ಇದೆ.

ನಿಸರ್ಗದ ರೂಪಗಳು

ಚೌಕಳಿಯಲ್ಲಿ ವೃತ್ತಕ್ಕೆ ಸ್ಥಳವಿಲ್ಲ. ಅಡ್ಡಗೆರೆ, ಉದ್ದಗೆರೆ ಮತ್ತು ಓರೆಗೆರೆಗಳಷ್ಟರಲ್ಲೇ ಹಕ್ಕಿಯನ್ನೂ ಹೂವನ್ನೂ ಹೇಳಬೇಕಾದ್ದರಿಂದ ಕಸೂತಿಯ ಪ್ರಾಣಿಗಳು ನೋಡಿದ ಪ್ರಾಣಿಯ ಪ್ರತಿಕೃತಿಗಳಲ್ಲ. ಯಾವ ಗುರುತಿನಿಂದ ಆ ಪ್ರಾಣಿಯನ್ನು ಊರಿನವರು ಗುರುತಿಸುತ್ತಾರೋ ಅದೊಂದನ್ನು ಉಳಿಸಿಕೊಂಡು ಉಳಿದುದನ್ನು ಬಿಡಲಾಗುತ್ತದೆ. ನವಿಲಿಗೆ ತುರಾಯಿ ಮತ್ತು ಗರಿ, ಗಿಳಿಗೆ ಬಾಗಿದ ಕೊಕ್ಕು, ಹಂಸಕ್ಕೆ ಕತ್ತು, ಆನೆಗೆ ಸೊಂಡಿಲು, ಜಿಂಕೆಗೆ ಕೊಂಬು ಇಷ್ಟಿದ್ದರೆ ಸಾಕು.

ಹಕ್ಕಿಗಳಲ್ಲಿ ನವಿಲಿನಷ್ಟು ರೂಪಾಂತರ ಪಡೆದದ್ದು ಮತ್ತೊಂದಿಲ್ಲ. ಒಂಟಿ ನವಿಲು, ಎದುರುಬದುರಾದ ಜೋಡಿ ನವಿಲು, ಗೋಪುರದ ಇಕ್ಕೆಲದ ನವಿಲು, ಬಳ್ಳಿಯ ಮೇಲೆ ಕುಳಿತ ನವಿಲು ಹೀಗೆ ಹಲವು ಬಗೆಗಳಿವೆ. ಕತ್ತಿನ ಬಾಗು ಮುರ್ಗಿಯ ಮೆಟ್ಟಿಲುಗಳಿಂದ ಬರುತ್ತದೆ. ಗರಿಯ ಕಣ್ಣುಗಳು ಸಣ್ಣ ವಜ್ರಾಕೃತಿಗಳಾಗುತ್ತವೆ. ಗಿಳಿ ಮತ್ತು ಹಂಸಗಳು ಹೆಚ್ಚಾಗಿ ಅಂಚಿನ ಸಾಲುಗಳಲ್ಲಿ ಒಂದರ ಹಿಂದೊಂದು ನಡೆಯುತ್ತವೆ.

ಪ್ರಾಣಿಗಳಲ್ಲಿ ಅಂಬಾರಿ ಹೊತ್ತ ಆನೆಗೆ ಅಗ್ರಸ್ಥಾನ. ಹೊರಗೆರೆಯನ್ನು ಗಾವಂತಿಯಲ್ಲಿ ಕಟ್ಟಿ ಒಡಲನ್ನು ಜಾಲರಿಯಂತೆ ಅಥವಾ ನೇಗಿಯಿಂದ ತುಂಬಲಾಗುತ್ತದೆ. ನಂದಿ, ಆಕಳು, ಜಿಂಕೆ ಮತ್ತು ನಾಗರಹಾವುಗಳೂ ಇವೆ. ಹುಲಿ, ಸಿಂಹಗಳು ಅಪರೂಪ. ಬೆಕ್ಕು, ನಾಯಿ, ಎಮ್ಮೆಗಳು ಮನೆಯಂಗಳದಲ್ಲೇ ಇದ್ದರೂ ಸೀರೆಯ ಮೇಲೆ ಬರಲಿಲ್ಲ. ಕಸೂತಿಯ ನಿಸರ್ಗ ಎಂದರೆ ಕಣ್ಣಿಗೆ ಬಿದ್ದ ನಿಸರ್ಗವೆಲ್ಲವೂ ಅಲ್ಲ, ಮಂಗಳವೆಂದು ಆಯ್ದುಕೊಂಡ ನಿಸರ್ಗ ಎಂಬುದು ಇದರಿಂದ ತಿಳಿಯುತ್ತದೆ.

ಸಸ್ಯಗಳಲ್ಲಿ ಕಮಲ ಮತ್ತು ತುಳಸಿ ಮುಖ್ಯವಾದವು. ತುಳಸಿಯನ್ನು ಗಿಡವಾಗಿ ಮಾತ್ರವಲ್ಲದೆ ಕಟ್ಟೆಸಹಿತವಾಗಿ, ಅಂದರೆ ವೃಂದಾವನವಾಗಿ ತೋರಿಸಲಾಗುತ್ತದೆ. ಕಟ್ಟೆಯು ಚೌಕಗಳಿಂದಲೇ ಆದದ್ದರಿಂದ ಸೂಜಿಗೆ ಸುಲಭ, ಮೇಲಿನ ಗಿಡವು ಮೂರೋ ಐದೋ ಕವಲುಗಳಲ್ಲಿ ಮುಗಿಯುತ್ತದೆ. ಕಮಲವು ಮೇಲಿನಿಂದ ನೋಡಿದಂತೆ ಎಂಟು ದಳದ ನಕ್ಷತ್ರವಾಗಿ ಬರುತ್ತದೆ. ಇದೇ ಎಂಟು ದಳದ ಆಕೃತಿ ನಾರ್ವೆಯ ಸೆಲ್ಬು ಊರಿನ ಉಣ್ಣೆಯ ಕೈಗವಸುಗಳ ಗುರುತೂ ಹೌದು. ಎರಡೂ ಊರಿನವರು ಪರಸ್ಪರ ನೋಡಿ ಕಲಿತರೆಂದು ಊಹಿಸಬೇಕಾಗಿಲ್ಲ. ಎಂಟು ದಿಕ್ಕುಗಳಷ್ಟೇ ಸಲೀಸಾಗಿ ಒದಗುವ ಚೌಕಳಿಯಲ್ಲಿ ಹೂವು ಬಿಡಿಸಲು ಹೊರಟವರು ತಲುಪುವ ಜಾಗ ಅದೇ ಆಗಿರುತ್ತದೆ.

ಸೀರೆಯ ಮೇಲೆ ಚಿತ್ತಾರಗಳ ಹಂಚಿಕೆಗೂ ಕ್ರಮವಿದೆ. ಆನೆ, ತೇರು, ಗೋಪುರದಂತಹ ದೊಡ್ಡವು ಸೆರಗಿನ ಹತ್ತಿರ ಬರುತ್ತವೆ. ಸೆರಗಿನಿಂದ ದೂರ ಸರಿದಂತೆ ಚಿತ್ತಾರಗಳು ಚಿಕ್ಕದಾಗುತ್ತ ಹೋಗಿ ಕೊನೆಗೆ ಒಡಲಲ್ಲಿ ನಕ್ಷತ್ರ ಅಥವಾ ಬಿಡಿ ಹೂವುಗಳಷ್ಟೇ ಉಳಿಯುತ್ತವೆ.

ಬಟ್ಟೆ ಮತ್ತು ಬಣ್ಣ

ಕಸೂತಿಗೆ ಹಿನ್ನೆಲೆಯಾಗಿ ಗಾಢ ಬಣ್ಣದ ಕೈಮಗ್ಗದ ಬಟ್ಟೆ ಒಪ್ಪುತ್ತದೆ. ಮದುವೆಯಲ್ಲಿ ವಧುವಿಗೆ ಕೊಡುವ ಸೀರೆಗಳಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆ ಇರಬೇಕೆಂಬ ಪದ್ಧತಿ ಇತ್ತು. ಕಪ್ಪಿನ ಮೇಲೆ ಬಿಳಿ, ಕೆಂಪು, ಕಿತ್ತಳೆ, ಹಸಿರು, ಹಳದಿ ಎಳೆಗಳು ಎದ್ದು ಕಾಣುತ್ತವೆ. ಕಪ್ಪು ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಅತ್ಯಂತ ಶ್ರಮದ ಕೆಲಸವಾದ್ದರಿಂದ ಹಗಲಿನ ಬೆಳಕು ಬೇಕಾಗುತ್ತದೆ. ಹಿಂದೆ ರೇಷ್ಮೆಯ ಎಳೆಗಳನ್ನು ಬಳಸುತ್ತಿದ್ದರು. ಇಂದು ಹೊಳಪು ಕೊಟ್ಟ ಹತ್ತಿಯ ಲಡಿಗಳನ್ನೂ ಬಳಸಲಾಗುತ್ತಿದ್ದು, ಎಳೆಗಳನ್ನು ಬಿಡಿಸಿ ಒಂದು ಅಥವಾ ಎರಡನ್ನು ಮಾತ್ರ ಸೂಜಿಗೆ ಪೋಣಿಸುತ್ತಾರೆ.

ಕಸೂತಿಯೊಡನೆ ಅತಿ ಹೆಚ್ಚು ಹೆಸರು ಹೊಂದಿಕೊಂಡಿರುವುದು ಬಾಗಲಕೋಟೆ ಜಿಲ್ಲೆಯ ಇಳಕಲ್ಲ ಸೀರೆ. ಅದರ ಟೋಪಿ ತೆನೆ ಸೆರಗನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಸೆರಗಿನ ನೇಯ್ಗೆಯಲ್ಲೇ ಜೋಳದ ತೆನೆ, ಬೆಟ್ಟದ ಸಾಲು, ಕೋಟೆಯ ತೆನೆ ಮತ್ತು ಹಣಿಗೆಯ ಆಕಾರಗಳಿವೆ. ಕರಿನೆಲದ ಜೋಳ ಬೆಳೆಯುವ ಸೀಮೆಯ ಸೀರೆಯಲ್ಲಿ ಕಮಲದಷ್ಟೇ ಗೌರವ ಜೋಳಕ್ಕೂ ಸಂದಿರುವುದು ಉಲ್ಲೇಖನೀಯ.

ಬೀದರ ಸೀಮೆಯಲ್ಲಿ

ಬೇಮಳಖೇಡ, ಹುಮನಾಬಾದ ಮತ್ತು ಬಸವಕಲ್ಯಾಣಗಳನ್ನೊಳಗೊಂಡ ಬೀದರ ಜಿಲ್ಲೆಯು ಕಸೂತಿಯ ಮೂಲ ನೆಲೆಯಲ್ಲ. ಆದರೂ ನಿಸರ್ಗದ ರೂಪವನ್ನು ಕಪ್ಪು ನೆಲದ ಮೇಲೆ ಬಿಡಿಸುವ ಅಭಿರುಚಿ ಇಲ್ಲಿ ಬೇರೊಂದು ವಸ್ತುವಿನಲ್ಲಿ ಬೆಳೆದಿದೆ. ಬೀದರಿನ ಬಿದರಿ ಕಲೆಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಬೆಳ್ಳಿಯ ತಂತಿ, ತಗಡುಗಳನ್ನು ಕೂರಿಸಿ, ಕೋಟೆಯ ಮಣ್ಣನ್ನು ಬೆರೆಸಿದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸಲಾಗುತ್ತದೆ. ಬಳ್ಳಿ, ಎಲೆ, ಗಸಗಸೆಯ ಹೂವು ಅದರ ಮೆಚ್ಚಿನ ಚಿತ್ತಾರಗಳು. ಉಳಿಗೆ ಎಳೆಯ ಎಣಿಕೆಯ ಹಂಗಿಲ್ಲವಾದ್ದರಿಂದ ಬಿದರಿಯ ಬಳ್ಳಿ ಬಾಗುತ್ತದೆ, ಕಸೂತಿಯ ಬಳ್ಳಿ ಮೆಟ್ಟಿಲು ಹತ್ತುತ್ತದೆ.

ಬಸವಕಲ್ಯಾಣವು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಹುಮನಾಬಾದ ಬಳಿಯ ಜಲಸಂಗಿಯ ದೇವಾಲಯವು ಶಿಲಾಬಾಲಿಕೆಯರ ಶಿಲ್ಪಗಳಿಗೆ ಹೆಸರಾಗಿದ್ದು, ಆ ಕಾಲದ ಕುಸುರಿ ಕೆಲಸವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಈ ಸೀಮೆಯ ತಾಂಡಾಗಳಲ್ಲಿ ವಾಸಿಸುವ ಲಂಬಾಣಿ ಮಹಿಳೆಯರ ಹೊಲಿಗೆ ಪ್ರತ್ಯೇಕ ಪರಂಪರೆಗೆ ಸೇರಿದ್ದು, ಕನ್ನಡಿ, ಕವಡೆ ಮತ್ತು ದಟ್ಟ ಬಣ್ಣದ ತುಂಡುಬಟ್ಟೆಗಳಿಂದ ಕೂಡಿರುತ್ತದೆ. ಬಳ್ಳಾರಿ ಭಾಗದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಕಾರಿ ಗುಂಪಿನ ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಉಣ್ಣೆಯ ಬಣ್ಣದ ಹೆಣಿಗೆಗೆ ಅಳವಡಿಕೆ

ಎರಡು ಕಡ್ಡಿಗಳಿಂದ ಉಣ್ಣೆಯನ್ನು ಹೆಣೆಯುವಾಗ ಒಂದೇ ಸಾಲಿನಲ್ಲಿ ಎರಡು ಬಣ್ಣದ ಎಳೆಗಳನ್ನು ಬಳಸಿ ಚಿತ್ರ ಮೂಡಿಸುವ ಪದ್ಧತಿ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳು, ನಾರ್ವೆ, ಎಸ್ಟೋನಿಯ ಮೊದಲಾದೆಡೆ ಬೆಳೆದಿದೆ. ಶೆಟ್ಲೆಂಡಿನ ಫೇರ್ ಐಲ್ ದ್ವೀಪದ ಹೆಸರಿನಲ್ಲೇ ಇದು ಪ್ರಸಿದ್ಧ. ನಾರ್ವೆಯ ಸೆಲ್ಬುವಿನಲ್ಲಿ ಮಾರಿಟ್ ಎಮ್‌ಸ್ಟಾಡ್ ಎಂಬ ಹುಡುಗಿ 1857ರಲ್ಲಿ ಎಂಟು ದಳದ ಹೂವುಳ್ಳ ಕಪ್ಪು ಬಿಳುಪಿನ ಕೈಗವಸುಗಳನ್ನು ಹೆಣೆದಳೆಂದು ಪ್ರತೀತಿಯಿದೆ. ಕಸೂತಿಯಂತೆ ಇದೂ ಚೌಕಳಿಯ ಕಲೆ. ಇಲ್ಲಿ ಎಳೆಯ ಬದಲು ಕುಣಿಕೆಗಳನ್ನು ಎಣಿಸಲಾಗುತ್ತದೆ. ಆದ್ದರಿಂದ ಕಸೂತಿಯ ಚಿತ್ತಾರವನ್ನು ಸ್ವೆಟರ್, ಟೊಪ್ಪಿಗೆ, ಶಾಲುಗಳಿಗೆ ಇಳಿಸಬಹುದು. ಆದರೆ ನೇರವಾಗಿ ನಕಲು ಮಾಡಿದರೆ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಗೆರೆ ಮತ್ತು ಮನೆಯ ವ್ಯತ್ಯಾಸ. ಗಾವಂತಿಯ ಹೊಲಿಗೆ ಚೌಕದ ಅಂಚಿನ ಮೇಲೆ ಬೀಳುತ್ತದೆ, ಹೆಣಿಗೆಯ ಕುಣಿಕೆಯಾದರೋ ಚೌಕವನ್ನೇ ತುಂಬುತ್ತದೆ. ಮೆಂತಿಯ ಚಿತ್ತಾರಗಳಲ್ಲಿ ಒಂದು ಗುಣಾಕಾರಕ್ಕೆ ಒಂದು ಕುಣಿಕೆ ಎಂದು ಇಟ್ಟುಕೊಂಡರೆ ಸಾಕು. ಗಾವಂತಿಯಲ್ಲಿ ಪ್ರತಿ ಬಿಂದುವಿಗೆ ಒಂದು ಮತ್ತು ಬಿಂದುಗಳ ನಡುವಿನ ಪ್ರತಿ ಗೆರೆಗೆ ಒಂದು ಕುಣಿಕೆ ಬೇಕು. 20 ಹೊಲಿಗೆ ಅಗಲದ ನವಿಲಿಗೆ 41 ಕುಣಿಕೆಗಳು ಬೇಕಾಗುತ್ತವೆ. 10 ಸೆಂಟಿಮೀಟರಿಗೆ 24 ಕುಣಿಕೆ ಬರುವ ಉಣ್ಣೆಯಲ್ಲಿ ಅದು ಸುಮಾರು 17 ಸೆಂಟಿಮೀಟರ್ ಅಗಲವಾಗಿ ಎದೆಯ ಭಾಗದ ಬಹುಪಾಲನ್ನು ಆವರಿಸುತ್ತದೆ. ಹೀಗಾಗಿ ಗಾವಂತಿಯ ದೊಡ್ಡ ಚಿತ್ತಾರಗಳಿಗಿಂತ ಅಂಚಿನ ಸಣ್ಣ ಗಿಳಿ, ನಕ್ಷತ್ರ ಮತ್ತು ಕಮಲಗಳು ಹೆಣಿಗೆಗೆ ಹೆಚ್ಚು ಸೂಕ್ತ. ದೊಡ್ಡದೇ ಬೇಕೆಂದರೆ ಸಾದಾ ಹೆಣೆದು ಮುಗಿಸಿದ ಮೇಲೆ ಸೂಜಿಯಿಂದ ಚಿತ್ತಾರ ಹೊಲಿಯುವುದು ಲೇಸು.

ಎರಡನೆಯದು ಅಳತೆಯ ಅನುಪಾತ. ಸಾದಾ ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚುಳ್ಳದ್ದು. 10 ಸೆಂಟಿಮೀಟರಿಗೆ 24 ಕುಣಿಕೆ, 32 ಸಾಲು ಬರುವ ಹೆಣಿಗೆಯಲ್ಲಿ 40 ಕುಣಿಕೆ ಮತ್ತು 40 ಸಾಲಿನ ಚಿತ್ತಾರವು 16.7 ಸೆಂಟಿಮೀಟರ್ ಅಗಲ, 12.5 ಸೆಂಟಿಮೀಟರ್ ಎತ್ತರ ಆಗುತ್ತದೆ, ಅಂದರೆ ಗೋಪುರ ಕುಗ್ಗಿ ಆನೆ ಕುಳ್ಳಾಗುತ್ತದೆ. ಎರಡು ಬಣ್ಣದ ಹೆಣಿಗೆಯಲ್ಲಿ ಕುಣಿಕೆಗಳು ಚೌಕಕ್ಕೆ ಸಮೀಪಿಸುವುದರಿಂದ ದೋಷ ಕಡಿಮೆಯಾಗುತ್ತದೆಯಾದರೂ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದು, ಬೇಕಾದಷ್ಟು ಸಾಲುಗಳನ್ನು ಸೇರಿಸಿಕೊಳ್ಳುವುದು ವಾಡಿಕೆ.

ಮೂರನೆಯದು ಹಿಂಬದಿಯ ಎಳೆ. ಬಳಸದಿರುವ ಬಣ್ಣದ ಎಳೆಯು ಹಿಂದೆ ಜೋತುಬೀಳುತ್ತದೆ. ಐದಾರು ಕುಣಿಕೆಗಳಿಗಿಂತ ಉದ್ದವಾದ ಜೋತುಬಿದ್ದ ಎಳೆಗೆ ಬೆರಳು, ಉಂಗುರ ಸಿಕ್ಕಿಕೊಳ್ಳುವುದರಿಂದ ನಡುವೆ ಅದನ್ನು ಇನ್ನೊಂದು ಎಳೆಯೊಡನೆ ತಿರುವಿ ಹಿಡಿಸಬೇಕು. ಮಕ್ಕಳ ಉಡುಪಿನಲ್ಲಿ ಇದು ಮುಖ್ಯ. ಅದನ್ನು ಬಿಗಿಯಾಗಿ ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದೆ. ಕಪ್ಪು ನೆಲದಲ್ಲಿ ದೂರ ದೂರ ನಿಂತ ಒಂಟಿ ಹೂವುಗಳ ಹಂಚಿಕೆ ಕಸೂತಿಯಲ್ಲಿ ಚೆನ್ನಾಗಿ ಕಂಡರೂ ಹೆಣಿಗೆಗೆ ಒಗ್ಗದಿರುವುದು ಇದೇ ಕಾರಣಕ್ಕೆ.

ಟೊಪ್ಪಿಗೆಯಂತೆ ಸುತ್ತಾಗಿ ಹೆಣೆಯುವ ವಸ್ತುವಿನಲ್ಲಿ ಚಿತ್ತಾರದ ಅಗಲವು ಒಟ್ಟು ಕುಣಿಕೆಗಳನ್ನು ನಿಶ್ಶೇಷವಾಗಿ ಭಾಗಿಸಬೇಕು. 120 ಕುಣಿಕೆಯ ಟೊಪ್ಪಿಗೆಗೆ 8, 10, 12, 15, 20 ಅಥವಾ 24 ಕುಣಿಕೆಯ ಚಿತ್ತಾರಗಳು ಸರಿಹೊಂದುತ್ತವೆ. 14 ಕುಣಿಕೆಯ ಹಂಸವಾದರೆ ಕೊನೆಯ ಹಂಸ ಅರ್ಧಕ್ಕೇ ನಿಲ್ಲುತ್ತದೆ. ಅಂತಹ ಸಂದರ್ಭದಲ್ಲಿ ಹಂಸಗಳ ನಡುವೆ ಒಂದೊಂದು ಕುಣಿಕೆ ಬಿಟ್ಟು 15ಕ್ಕೆ ಹೊಂದಿಸಬಹುದು.

ದಖ್ಖನಿ ಕುರಿಯ ಉಣ್ಣೆಯಿಂದ ಕುರುಬ ಸಮುದಾಯದವರು ನೇಯುವ ಕರಿಕಂಬಳಿಯು ಇದೇ ಪ್ರದೇಶದ ಉಣ್ಣೆಯ ಬಟ್ಟೆಯಾದರೂ ಆ ಉಣ್ಣೆ ಒರಟಾಗಿರುವುದರಿಂದ ಮೈಗೆ ತಾಗುವ ಸ್ವೆಟರಿಗೆ ಹಿತವೆನಿಸದು.

ಭೌಗೋಳಿಕ ಸೂಚನೆ ಮತ್ತು ಇಂದಿನ ಸ್ಥಿತಿ

ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಅದರ ಹಕ್ಕು ಕರ್ನಾಟಕದ ಕರಕುಶಲ ಅಭಿವೃದ್ಧಿ ನಿಗಮದ ಬಳಿ ಇದೆ. ಈ ಮಾನ್ಯತೆಯು ಹೆಸರನ್ನು ರಕ್ಷಿಸುತ್ತದೆಯೇ ಹೊರತು ಹೊಲಿಯುವವರ ಕೂಲಿಯನ್ನು ನಿಗದಿಪಡಿಸುವುದಿಲ್ಲ. ಕೆಲಸದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಐದೂವರೆ ಮೀಟರ್ ಸೀರೆಯ ಒಂದು ಅಂಚಿಗೆ 2 ಮಿಲಿಮೀಟರಿನ ಗಾವಂತಿಯ ಒಂದೇ ಒಂದು ಗೆರೆ ಎಳೆಯಲು ಮುಂಬದಿಯಲ್ಲಿ 2,750 ಮತ್ತು ಹಿಂಬದಿಯಲ್ಲಿ ಅಷ್ಟೇ ಹೊಲಿಗೆಗಳು ಬೇಕು. ಅಂಚಿನಲ್ಲಿ ಇಂತಹ ಹಲವು ಗೆರೆಗಳಿರುತ್ತವೆ, ಸೆರಗು ಮತ್ತು ಒಡಲಿನ ಚಿತ್ತಾರಗಳು ಬೇರೆ. ಈ ಶ್ರಮದ ಬಹುಪಾಲು ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು, ತುಂಡಿಗಿಷ್ಟು ಎಂಬ ಲೆಕ್ಕದಲ್ಲಿ ಮಹಿಳೆಯರು ಮಾಡುವ ದುಡಿಮೆಯಾಗಿದೆ.

ಕಂಪ್ಯೂಟರ್ ಚಾಲಿತ ಯಂತ್ರಗಳು ಇದೇ ನವಿಲು, ಗೋಪುರಗಳನ್ನು ನಿಮಿಷಗಳಲ್ಲಿ ಹೊಲಿಯುತ್ತವೆ. ಕಸೂತಿಯ ಚಿತ್ತಾರವನ್ನು ಅಚ್ಚು ಒತ್ತಿದ ಬಟ್ಟೆಗಳೂ ಮಾರುಕಟ್ಟೆಯಲ್ಲಿವೆ. ಯಂತ್ರದ ಹೊಲಿಗೆಯನ್ನು ಕೈಕೆಲಸವೆಂದು ಮಾರಿದಾಗ ನಷ್ಟವಾಗುವುದು ಕೊಳ್ಳುವವರಿಗೆ ಮಾತ್ರವಲ್ಲ. ಅಗ್ಗದ ಬೆಲೆಯೇ ಕಸೂತಿಯ ಬೆಲೆಯೆಂದು ನಿಂತುಬಿಟ್ಟರೆ ಕೈಯಿಂದ ಹೊಲಿಯುವವರಿಗೆ ಕೇಳುವ ಬಾಯಿ ಇರುವುದಿಲ್ಲ. ಗುರುತಿಸುವ ಸುಲಭ ಉಪಾಯವೆಂದರೆ ಬಟ್ಟೆಯನ್ನು ತಿರುವಿ ನೋಡುವುದು. ಗಾವಂತಿ, ಮುರ್ಗಿಗಳ ಕೈಕೆಲಸದಲ್ಲಿ ಹಿಂದೆಯೂ ಅದೇ ಬಣ್ಣದ ಅದೇ ಚಿತ್ರವಿದ್ದು ಗಂಟು ಕಾಣುವುದಿಲ್ಲ. ಯಂತ್ರದ ಹೊಲಿಗೆಯಲ್ಲಿ ಕೆಳಗಿನ ಉರುಳೆಯ ಪ್ರತ್ಯೇಕ ನೂಲು, ಹಲವು ವೇಳೆ ಬೇರೆಯದೇ ಬಣ್ಣದ್ದು, ಕಾಣಿಸುತ್ತದೆ ಮತ್ತು ಬಟ್ಟೆ ಬಿರುಸಾಗಿರಲೆಂದು ಇಟ್ಟ ಅಸ್ತರಿನ ಚೂರುಗಳು ಉಳಿದಿರುತ್ತವೆ. ಅಚ್ಚಿನ ಬಟ್ಟೆಯ ಹಿಂಬದಿ ಮಂಕಾಗಿರುತ್ತದೆ. ನೇಗಿ ಮತ್ತು ಮೆಂತಿಗಳಿಗೆ ಈ ಪರೀಕ್ಷೆ ಪೂರ್ಣವಾಗಿ ಅನ್ವಯಿಸುವುದಿಲ್ಲ. ಅವುಗಳಲ್ಲಿ ಹಿಂಬದಿಯ ನೂಲು ಮುಂಬದಿಯದೇ ಆಗಿದೆಯೇ ಎಂಬುದನ್ನಷ್ಟೇ ನೋಡಬೇಕಾಗುತ್ತದೆ.

ಸೀರೆಯ ಜೊತೆಗೆ ಇಂದು ಕುರ್ತಾ, ದುಪಟ್ಟಾ, ಕೈಚೀಲ, ದಿಂಬಿನ ಚೀಲ, ಮೇಜಿನ ಹಾಸುಗಳ ಮೇಲೂ ಕಸೂತಿ ಕಾಣುತ್ತದೆ. ಸಣ್ಣ ವಸ್ತುಗಳು ಬೇಗ ಮುಗಿಯುವುದರಿಂದ ಹೊಲಿಯುವವರಿಗೆ ಹಣ ಬೇಗ ಕೈಸೇರುತ್ತದೆ. ಆದರೆ ಅಂಬಾರಿಯ ಆನೆ, ತೇರಿನಂತಹ ದೊಡ್ಡ ಚಿತ್ತಾರಗಳಿಗೆ ಅವುಗಳಲ್ಲಿ ಜಾಗವಿಲ್ಲ. ದೊಡ್ಡವನ್ನು ಎಣಿಸಿ ಹೊಲಿಯಬಲ್ಲವರು ಹೆಚ್ಚಾಗಿ ಹಿರಿಯ ತಲೆಮಾರಿನವರಾಗಿದ್ದು, ಹೊಸದಾಗಿ ಕಲಿಯುವವರು ನಕ್ಷತ್ರ ಮತ್ತು ಹೂವಿನಿಂದ ಆರಂಭಿಸಿ ಚೌಕಳಿ ಕಾಗದದ ನಕ್ಷೆಗಳ ನೆರವಿನಿಂದ ಮುಂದುವರಿಯುತ್ತಾರೆ.